ಅಜ್ಜಿಯ ಪರದೆ, ದೊಡ್ಡಪ್ಪನ ಪೀಠ

ಅರಸನ ಅಂಕೆಯಿಲ್ಲ, ಅಜ್ಜಿಯ ಕಾಟ ತಪ್ಪಲಿಲ್ಲ! ಗಾದೆ ಹೀಗಿಲ್ಲ ಅಂತೀರಾ? ಗಾದೆ ಸುಳ್ಳಾದರೂ ಈ ಕಥೆ ಸುಳ್ಳಾಗದು.

ನಮ್ಮದು ಒಂದು ಕಾಲದ ರಾಜಮನೆತನ. ಪಟ್ಟ ಕಟ್ಟಿಸಿಕೊಳ್ಳಬೇಕಿದ್ದ ದೊಡ್ಡಪ್ಪ ಈಗ ಊರವರ ಸೋಫಾಗಳಿಗೆ ಬಟ್ಟೆ ಕಟ್ಟುತ್ತಾರೆ. ದೇವಿಪೂಜೆಯ ಕೊನೆಯ ದಿನ ಮಾತ್ರ ಪೇಟ ಸುತ್ತಿ, ಮಡಿಲಲ್ಲಿ ಕತ್ತಿ ಇಟ್ಟುಕೊಂಡು ಹಳೇ ಪೀಠದಲ್ಲಿ ಕೂರಬೇಕು. ದೇವಿಯ ದೀಪ ತಾನಾಗಿ ಆರುವವರೆಗೆ ಪೀಠ ಖಾಲಿ ಇರಬಾರದು. ಆರಿದ ಮೇಲೆ ಮನೆಯ ಹಿರಿಯ ಹೆಂಗಸು ಪರದೆಯ ಹಿಂದಿನಿಂದ "ಏಳು ಮಗು" ಅನ್ನಬೇಕು. ಆಗಲೇ ಬಿಡುಗಡೆ.

ಹಿರಿಯ ಹೆಂಗಸೆಂದರೆ ನಮ್ಮಜ್ಜಿ. ಆವತ್ತು ಪರದೆಯ ಹಿಂದಿನಿಂದ ಬರುತ್ತಿದ್ದದ್ದು ಬರೀ ಗೊರಕೆ.

ಅತ್ತ ಆಸ್ಪತ್ರೆಯಲ್ಲಿ ದೊಡ್ಡಪ್ಪನ ಒಬ್ಬಳೇ ಮಗಳಿಗೆ ಹೆರಿಗೆ ನೋವು. "ಅಪ್ಪ ಬರಲಿ" ಅಂತ ಅಳುತ್ತಿದ್ದಾಳೆಂದು ದೊಡ್ಡಮ್ಮನ ಫೋನು. ಇತ್ತ ಮುಚ್ಚಿದ ಬಾಗಿಲು, ಉಸಿರುಗಟ್ಟಿಸುವ ಧೂಪ. ದೊಡ್ಡಪ್ಪನ ಬೆವರು ಕತ್ತಿಯ ಮೇಲೆ ತೊಟ್ಟಿಕ್ಕುತ್ತಿತ್ತು. ದೀಪದಲ್ಲಿ ಎಣ್ಣೆ ತುಂಬಿತ್ತು.

"ಎದ್ದುಬಿಡಿ ದೊಡ್ಡಪ್ಪ," ಎಂದೆ.

"ಅಮ್ಮನ ಮಾತಿಲ್ದೆ ಆಗಲ್ವೋ. ನಾನು ಹುಟ್ಟಿದಾಗ ನಮ್ಮಪ್ಪನೂ ಇಲ್ಲೇ ಕೂತಿದ್ರಂತೆ."

"ಊರ ಸೋಫಾಗೆಲ್ಲ ಸ್ಪ್ರಿಂಗ್ ಹಾಕ್ತೀರಿ, ನಿಮ್ಮ ಸ್ಪ್ರಿಂಗ್ ಎಲ್ಲಿ ಹೋಯ್ತು?"

ದೊಡ್ಡಪ್ಪ ನಗಲಿಲ್ಲ. ಕಣ್ಣು ತುಂಬಿಕೊಂಡರು.

ಪ್ರಿನ್ಸಿಪಾಲರ ದನಿ ತೆಗೆದು ಕಾಲೇಜಿಗೇ ರಜೆ ಕೊಟ್ಟವನು ನಾನು. ಪರದೆಯ ಅಂಚಿಗೆ ಸರಿದು, ಅಜ್ಜಿಯ ಬೊಚ್ಚುಬಾಯಿಯ ಗಾಳಿಯನ್ನೂ ಸೇರಿಸಿ, "ಏಳು ಮಗೂ, ಎಷ್ಟೊತ್ತು ಕೂರ್ತೀಯಾ!" ಎಂದೆ.

ಕತ್ತಿ ಠಣ್ಣೆಂದಿತು. ಉರಿಯುತ್ತಿದ್ದ ದೀಪವನ್ನು ನೋಡಿಯೂ ನೋಡದವರಂತೆ ದೊಡ್ಡಪ್ಪ ಪೇಟದಲ್ಲೇ ಓಡಿದರು.

ಗೊರಕೆ ನಿಂತಿತು.

"ಯಾವನೋ ಅದು, ನನ್ನ ಗಂಟಲಲ್ಲಿ ಮಾತಾಡಿದ್ದು?"

"ನಾ... ನಾನೇ ಅಜ್ಜಿ."

"ನನ್ನ ದನಿ ಕದ್ದೆಯಲ್ಲ, ಅವನ ಜಾಗಾನೂ ನೀನೇ ತಗೋ. ಕೂರು!"

ಕೂತೆ. ಕಾಲು ಜೋಮು ಹಿಡಿಯಿತು, ಸೊಂಟ ಸತ್ತಿತು, ದೀಪ ಮಾತ್ರ ಸಾಯಲಿಲ್ಲ. ಕೊನೆಗೆ ಫೋನು ಬಂತು: ಹೆಣ್ಣು ಮಗು, ಪೇಟದ ತಾತನ ತೋಳಲ್ಲಿ ನಿದ್ದೆ ಹೋಗಿದೆ.

"ಅಜ್ಜೀ, ಮರಿಮಗಳು! ಈಗಲಾದ್ರೂ ಏಳು ಅನ್ನಿ."

ಅಜ್ಜಿ ಪರದೆಯ ಹತ್ತಿರಕ್ಕೆ ಸರಿದ ಸದ್ದಾಯಿತು.

"ನಾನು ಹೆರುವಾಗ ಈ ಪೀಠ ನನ್ನ ಗಂಡನ್ನ ಬಿಡಲಿಲ್ಲ ಕಣೋ. ಇವತ್ತು ದೀಪ ಆರೋಕೆ ಮುಂಚೆ ಏಳು ಅನ್ನೋಕೆ ನನಗೂ ಬಾಯಿ ಬರಲಿಲ್ಲ. ಅದಕ್ಕೇ ಸುಳ್ಳು ಗೊರಕೆ ಹೊಡೆದೆ. ನಿನ್ನ ಮಂಗಚೇಷ್ಟೆ ನನಗೆ ಗೊತ್ತಿಲ್ವಾ?"

"ಹಾಗಾದ್ರೆ ನನ್ನನ್ನ ಬಿಡಿ!"

ಪರದೆಯ ಸಂದಿಯಿಂದ ಸುಕ್ಕುಗಟ್ಟಿದ ಕೈಯೊಂದು ಹೊರಬಂದು, ದೀಪಕ್ಕೆ ಇನ್ನೊಂದು ಸೌಟು ಎಣ್ಣೆ ಸುರಿಯಿತು. ಹಿಂದೆಯೇ ಪರದೆಯೆಲ್ಲ ಕುಣಿಯುವಂಥ ನಗು.