ಸೆರಗು ಸುತ್ತಿದ ಕೋಲು

ನೇಸರಗಿಯ ಬೀರವ್ವ ಗಂಡನ ಕುರಿಗೋಲನ್ನು ಬರಿಗೈಯಲ್ಲಿ ಮುಟ್ಟಿದವಳೇ ಅಲ್ಲ. ಅದು ಬೀರದೇವರ ಮುಂದೆ ಪೂಜೆಗೊಂಡ ಕೋಲು, ಹೆಂಗಸು ಮುಟ್ಟಿದರೆ ಮೈಲಿಗೆ ಎಂಬುದು ಆ ಮನೆಯ ಕಟ್ಟಳೆ. ಗಂಡ ತೀರಿಕೊಂಡ ಮೇಲೆ ಹಿಂಡನ್ನು ಒಬ್ಬಳೇ ಕಾಯ್ದಳು. ಆಗಲೂ ಕೋಲಿಗೆ ಸೆರಗು ಸುತ್ತಿಯೇ ಹಿಡಿದಳು.

ಇವತ್ತು ಓಣಿಯ ಚಿತ್ರಗಾರ್ತಿ ಪ್ರಜ್ಞಾ ಅವಳನ್ನು ಅದೇ ಕೋಲಿನೊಂದಿಗೆ ಅಂಗಳದಲ್ಲಿ ನಿಲ್ಲಿಸಿದ್ದಳು. ಬೈಲಹೊಂಗಲದ ಕಡೆಯ ಒಂದು ಚರ್ಚಿಗೆ ಯುರೋಪಿನ ಹಳೆಯ ಚಿತ್ರವೊಂದರ ನಕಲು ಬೇಕಾಗಿತ್ತು. ಮುಖ ಮುಗಿದಿತ್ತು, ಕೋಲು ಹಿಡಿದ ಕೈಗಳಷ್ಟೇ ಬಾಕಿ; ಅದನ್ನು ಬೀರವ್ವನ ಕೈ ನೋಡಿ ಬರೆಯಬೇಕಿತ್ತು.

ಬೀರವ್ವ ಬಗ್ಗಿ ಮೂಲಚಿತ್ರದ ಫೋಟೋ ನೋಡಿದಳು. ಕಪ್ಪು ಮುಸುಕಿನ ಹೆಂಗಸು, ಕೈಯಲ್ಲಿ ತುದಿ ಸುರುಳಿಯಾದ ಬಂಗಾರದ ಕೋಲು.

"ಯಾರವಾ ಈಕಿ?"

"ಸನ್ಯಾಸಿನಿಯರ ಮಠದ ಹಿರಿಯಾಕಿ, ಆಯಿ. ಕುರುಬರ ಕೋಲಿನಂಗ ಮಾಡಿಸಿದ್ದದು. ಮಠದ ಮಂದೀನ್ನ ಕಾಯಲಿ ಅಂತ ಆಕಿ ಕೈಯಾಗ ಕೊಟ್ಟಿದ್ರು."

"ಗಂಡಂದೇನು?"

"ಅಲ್ಲ. ಆಕೀದ."

ಚಿತ್ರದ ಕೋಲಿನ ಕೊರಳಿನಿಂದ ಬಿಳಿ ಬಟ್ಟೆಯೊಂದು ಇಳಿಬಿದ್ದಿತ್ತು. ಆ ಹೆಂಗಸೂ ಬಟ್ಟೆಯ ಮೇಲಿಂದಲೇ ಹಿಡಿದಿದ್ದಳು. ಬೀರವ್ವ ನಿಟ್ಟುಸಿರುಬಿಟ್ಟಳು.

"ನೋಡು, ಆಕಿಗೂ ಮೈಲಿಗಿ ತಪ್ಪಲಿಲ್ಲ."

"ಮೈಲಿಗಿ ಅಲ್ಲಬೇ. ಅಂಗೈ ಬೆವರಿಗೆ ಬಂಗಾರ ಮಂಕಾಗಬಾರದಂತ ಬಟ್ಟಿ ಕಟ್ಟತಿದ್ರು."

"ಅಷ್ಟನ?"

"ಅಷ್ಟ."

ಬೀರವ್ವ ಕೋಲಿಗೆ ಸುತ್ತಿದ್ದ ಸೆರಗನ್ನು ಬಿಡಿಸಿ ಹೆಗಲಿಗೆ ಹಾಕಿಕೊಂಡಳು. ಗಂಡನ ಅಂಗೈ ಸವೆಸಿದ್ದ ಜಾಗಕ್ಕೇ ತನ್ನ ಅಂಗೈ ಒತ್ತಿ, ಕೋಲನ್ನು ನೆಲಕ್ಕೆ ಗಟ್ಟಿಯಾಗಿ ಊರಿದಳು.

"ನಂದು ಕಟಗೀದು. ಬೆವರ ಕುಡದ್ರ ಕುಡೀಲಿ," ಎಂದಳು. "ಹೂಂ, ಈಗ ತಗಿ ಚಿತ್ರ."