ಎಡಗೈ ತುತ್ತು

ತಟ್ಟೆಯಲ್ಲಿ ಊಟ ಉಳಿದರೆ ಅದು ಅಡುಗೆಯವಳ ತಪ್ಪು. ಶಾಲೆಯ ಅಡುಗೆಮನೆಯಲ್ಲಿ ಇಪ್ಪತ್ತೆರಡು ವರ್ಷ ಸೌಟು ಹಿಡಿದ ನಾನು ನಂಬಿಕೊಂಡು ಬಂದದ್ದು ಇದೊಂದನ್ನೇ. ಮಕ್ಕಳು ತಿಂದು ಎದ್ದ ಮೇಲೆ ಉಳಿದವರೆಲ್ಲ ಕೈ ತೊಳೆದು ಹೊರಟರೆ ನಾನು ಎಂಜಲಿನ ಬಕೆಟ್ ಮುಂದೆ ಬಗ್ಗಿ ನಿಲ್ಲುತ್ತೇನೆ. ಬಟಾಣಿ ಉಳಿದಿದೆಯೇ, ಬೆಂದಿಲ್ಲ. ಕ್ಯಾರೆಟ್ ಉಳಿದಿದೆಯೇ, ತುಂಡು ದೊಡ್ಡದಾಯಿತು. ಮನುಷ್ಯರು ಬಾಯಿಮಾತಿಗೆ ಚೆನ್ನಾಗಿದೆ ಅಂದಾರು, ಬಕೆಟ್ ಸುಳ್ಳು ಹೇಳುವುದಿಲ್ಲ. ಹಾಗಾಗಿ ಅಣ್ಣನ ನಾಯಿ ನಾನು ಮಾಡಿದ್ದನ್ನು ಮೂಸಿ ಮುಖ ತಿರುಗಿಸಿದಾಗ ನನಗೆ ಬೇರೆ ಯೋಚನೆಯೇ ಬರಲಿಲ್ಲ. ನನ್ನ ಕೈಯಲ್ಲೇ ಏನೋ ಎಡವಟ್ಟಾಗಿದೆ ಅಂದುಕೊಂಡೆ.

ಆ ನಾಯಿಯನ್ನು ಎಲ್ಲರೂ ಸಾಹೇಬ ಎಂದೇ ಕರೆಯುವುದು. ಅಣ್ಣ ಕಾವಲು ನಾಯಿಗಳಿಗೆ ತರಬೇತಿ ಕೊಡುವ ಕೆಲಸದಲ್ಲಿದ್ದ. ಕಳ್ಳರು ಗೋಡೆಯಾಚೆಯಿಂದ ವಿಷ ಹಾಕಿದ ಮಾಂಸ ಎಸೆಯುತ್ತಾರಲ್ಲ, ಅದನ್ನು ಮುಟ್ಟದಂತೆ ಕಲಿಸುವುದರಲ್ಲಿ ಅವನದು ಎತ್ತಿದ ಕೈ. ಬೇರೆಯವರು ಏನು ಚಾಚಿದರೂ ತಿನ್ನಬಾರದು. ಅವನು ಕೈ ಚಾಚಿದರೆ ಮಾತ್ರ ತಿನ್ನಬೇಕು. ಅವನ ಕೈಯದ್ದೇ ಆದರೂ ‘ಬೇಡ’ ಎಂದನೋ, ಬಾಯಿಗೆ ಹಾಕಿಕೊಂಡದ್ದನ್ನೂ ಉಗುಳಬೇಕು. “ಯಾರ ಹತ್ರಾನೂ ಏನೂ ತಗೊಳ್ಳದ ಸಾಹೇಬ್ರನ್ನ ನೋಡ್ಬೇಕು ಅಂದ್ರೆ ನಮ್ಮನೆಗೇ ಬರ್ಬೇಕು” ಎಂದು ಅಣ್ಣ ನಗುತ್ತಿದ್ದ. ನಾಯಿಗೆ ವಯಸ್ಸಾಗಿ ಕೆಲಸದಿಂದ ಬಿಟ್ಟಾಗ ತಾನೇ ಮನೆಗೆ ಕರೆತಂದ. ಅಣ್ಣ ಮದುವೆಯ ಗೊಡವೆಗೆ ಹೋದವನಲ್ಲ, ನನ್ನ ಗಂಡ ತೀರಿಕೊಂಡು ಒಂಬತ್ತು ವರ್ಷ. ಮೂರು ಕೋಣೆಯ ಮನೆಯಲ್ಲಿ ಅಣ್ಣ, ತಂಗಿ, ಸಾಹೇಬ, ಅಷ್ಟೇ ನಮ್ಮ ಸಂಸಾರ.

ಈ ಚಳಿಗಾಲದ ಒಂದು ಬೆಳಿಗ್ಗೆ ಹಲ್ಲುಜ್ಜುತ್ತಿದ್ದ ಅಣ್ಣ ಹಾಗೇ ಕುಸಿದು ಕೂತ. ಪಾರ್ಶ್ವವಾಯು. ಬಲಗೈ, ಬಲಗಾಲು ಎರಡೂ ಬಿದ್ದುಹೋದವು, ಮಾತೂ ಹೋಯಿತು. ಹನ್ನೊಂದು ದಿನದ ಮೇಲೆ ಆಸ್ಪತ್ರೆಯಿಂದ ಮನೆಗೆ ಬಂದಾಗ ಬಾಯಲ್ಲಿ ಉಳಿದದ್ದು ಒಂದೇ ಪದ. ಬೇಡ. ಕೆಲವರಿಗೆ ಹೀಗೆ ಒಂದು ಪದ ಮಾತ್ರ ಉಳಿಯುತ್ತದೆ, ಏನು ಹೇಳಹೊರಟರೂ ಅದೇ ಬರುತ್ತದೆ ಎಂದು ಡಾಕ್ಟರು ಹೇಳಿದರು. ನೀರು ಬೇಕಾದರೂ ಬೇಡ, ಬಚ್ಚಲಿಗೆ ಹೋಗಬೇಕಾದರೂ ಬೇಡ, ನಾನು ಶಾಲೆಯಿಂದ ಬಂದೆನೆಂದು ಖುಷಿಯಾದರೂ ಬೇಡ. ನಾವೆಲ್ಲ ಬೇಗನೆ ಒಗ್ಗಿಹೋದೆವು. ಅವನ ಕಣ್ಣು ನೋಡಿ ಅರ್ಥ ಮಾಡಿಕೊಳ್ಳುವುದು, ಬಾಯಿಂದ ಬಂದದ್ದನ್ನು ಗಾಳಿಗೆ ಬಿಡುವುದು.

ಸಾಹೇಬ ಬಡವಾದದ್ದು ಆಗಿನಿಂದ. ಅಣ್ಣ ಆಸ್ಪತ್ರೆಯಲ್ಲಿದ್ದಾಗ ಅವನ ಹಳೆಯ ಅಂಗಿ ಹಾಸಿ ಅದರ ಮೇಲೆ ಇಟ್ಟರೆ, ಹಸಿವು ತಡೆಯಲಾರದೆ ನಾಲ್ಕು ತುತ್ತು ತಿನ್ನುತ್ತಿತ್ತು. ಇನ್ನೇನು ಯಜಮಾನ ಮನೆಗೆ ಬಂದನಲ್ಲ, ಎಲ್ಲ ಸರಿಹೋಗುತ್ತದೆ ಅಂದುಕೊಂಡರೆ ಅದೂ ಕಡಿಮೆಯಾಯಿತು. ಪಶುವೈದ್ಯರ ತಕ್ಕಡಿಯಲ್ಲಿ ಮೂವತ್ತೊಂದು ಕಿಲೋ ಇದ್ದದ್ದು ಇಪ್ಪತ್ತಾರಕ್ಕೆ ಇಳಿದಿತ್ತು.

“ಅಂಗಡಿ ತಿಂಡಿ ಬಿಟ್ಬಿಡಿ. ಮನೇಲೇ ಮಾಂಸದ್ದು ಮಾಡಿ ಕೊಡಿ” ಎಂದರು ವೈದ್ಯರು. “ಕೊಬ್ಬು ಪೂರ್ತಿ ತೆಗೀಬೇಕು. ಈಲಿ, ಅಂದ್ರೆ ಲಿವರ್, ಸ್ವಲ್ಪ ಮಾತ್ರ, ಜಾಸ್ತಿಯಾದ್ರೆ ಒಳ್ಳೇದಲ್ಲ. ಬೇಯಿಸಿದ ಮೂಳೆ ಹತ್ರಕ್ಕೂ ತರ್ಬೇಡಿ. ಉಪ್ಪು, ಈರುಳ್ಳಿ, ಬೆಳ್ಳುಳ್ಳಿ ಹಾಕೋ ಹಾಗಿಲ್ಲ.”

ಉಪ್ಪಿಲ್ಲ, ಈರುಳ್ಳಿಯಿಲ್ಲ, ಬೆಳ್ಳುಳ್ಳಿಯಿಲ್ಲ! ನನ್ನ ಕೈ ಕಟ್ಟಿಹಾಕಿ ಅಡುಗೆ ಮಾಡು ಅಂದಂತಾಯಿತು. ಆದರೂ ಟೊಂಕ ಕಟ್ಟಿ ನಿಂತೆ. ಮೊದಲನೆಯದು ಕೋಳಿಯ ಎದೆಮಾಂಸ. ಒಂದು ಗಂಟೆ ಫ್ರೀಜರ್‌ನಲ್ಲಿಟ್ಟು ಗಟ್ಟಿ ಮಾಡಿಕೊಂಡರೆ ಕಾಗದದಷ್ಟು ತೆಳ್ಳಗೆ ಕತ್ತರಿಸಬಹುದು. ಅದನ್ನು ಓವನ್‌ನಲ್ಲಿ ಹರಡಿ, ಉರಿ ಸಣ್ಣದು ಮಾಡಿ, ತೇವ ಹೋಗಲೆಂದು ಬಾಗಿಲಿಗೆ ಮರದ ಸೌಟು ಸಿಕ್ಕಿಸಿ ಮೂರು ಗಂಟೆ ಕಾದೆ. ಬಗ್ಗಿಸಿದರೆ ಲಟಕ್ಕೆಂದು ಮುರಿಯಿತು. ಒಂದು ಚೂರು ನಾನೇ ಬಾಯಿಗೆ ಹಾಕಿಕೊಂಡೆ. ಸಪ್ಪೆ, ಆದರೆ ಕೆಟ್ಟದ್ದೇನಲ್ಲ. ತಂದು ಅಣ್ಣನ ಎಡಗೈಗೆ ಕೊಟ್ಟೆ.

ಅಣ್ಣ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತು ಕೈ ಚಾಚಿದ. ಸಾಹೇಬ ಎದ್ದು ಬಂತು, ಮೂಗು ಚಾಚಿತು, ಬಾಯಲ್ಲಿ ನೀರು ಸುರಿಯುತ್ತಿತ್ತು. “ಬೇಡ” ಎಂದ ಅಣ್ಣ, ಮುದ್ದಿನಿಂದ. ಸಾಹೇಬ ಹಿಂದೆ ಸರಿದು ಗೋಡೆ ನೋಡುತ್ತ ಕೂತಿತು. “ಬೇಡ! ಬೇಡ!” ಎಂದು ಅಣ್ಣ ಗೋಗರೆದ. ನಾಯಿ ಮತ್ತೂ ಹಿಂದಕ್ಕೆ ಹೋಯಿತು.

ನನಗೆ ಕಂಡದ್ದು ಉಳಿದ ತಟ್ಟೆ ಮಾತ್ರ. ತುಂಬಾ ಒಣಗಿಸಿಬಿಟ್ಟೆ ಅಂದುಕೊಂಡೆ. ಎರಡನೆಯ ಸಲ ಮೆತ್ತಗೆ ಮಾಡಿದೆ. ಮೂರನೆಯದಕ್ಕೆ ಬೇಯಿಸಿದ ಕುಂಬಳಕಾಯಿ ಬೆರೆಸಿ ಉಂಡೆ ಕಟ್ಟಿದೆ. ನಾಲ್ಕನೆಯದು ಕುರಿಮಾಂಸ. ಐದನೆಯದು ಮೊಟ್ಟೆ ಹಾಕಿ ಬಿಲ್ಲೆ. ಆರನೆಯದು ಮೀನು, ಮನೆಯೆಲ್ಲ ನಾಲ್ಕು ದಿನ ನಾತ. ಶಾಲೆಯಲ್ಲಿ ಸಹಾಯಕಿ “ಅಕ್ಕಾ, ಈಗೀಗ ನಮ್ಮ ಅಡುಗೆಗೂ ಉಪ್ಪು ಮರೀತಿದ್ದೀರಿ” ಎಂದು ಗೊಣಗಿದಳು. ಪ್ರತಿಸಲವೂ ಅಣ್ಣ ಕೈ ಚಾಚಿ ಅದೇ ಒಂದು ಪದದಿಂದ ನಾಯಿಯನ್ನು ಬೇಡಿಕೊಳ್ಳುವನು, ನಾನು ತಟ್ಟೆ ಎತ್ತಿಕೊಂಡು ಒಳಗೆ ಹೋಗುವೆನು. ಅವನು ನಾಯಿಗಳಿಗೆ ಏನು ಕಲಿಸಿದ್ದನೆಂದು ನನಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಹೊಳೆಯಲಿಲ್ಲ. ಅವನ ಮಾತನ್ನು ಮಾತೆಂದು ಲೆಕ್ಕಕ್ಕೆ ಇಡುವುದನ್ನೇ ನಾನು ಬಿಟ್ಟಿದ್ದೆ. ನಮ್ಮ ಮನೆಯಲ್ಲಿ ಅವನು ಹೇಳಿದ್ದನ್ನು ಹೇಳಿದಂತೆಯೇ ಕೇಳುತ್ತಿದ್ದದ್ದು ಆ ನಾಯಿ ಒಂದೇ.

ಏಳನೆಯ ಬಗೆಗೆ ಕೋಳಿಯ ಜೊತೆ ಚೂರು ಈಲಿ ಅರೆದು, ತೆಳ್ಳಗೆ ತಟ್ಟಿ, ಬೆರಳುದ್ದಕ್ಕೆ ಕತ್ತರಿಸಿ ಒಣಗಿಸಿದ್ದೆ. ಶಾಲೆಗೆ ಹೋಗುವಾಗ ಅಣ್ಣನ ಕೈಗೆ ಒಂದು ಕೊಟ್ಟು ಹೋದೆ. ಮಧ್ಯಾಹ್ನ ಬಂದು ನೋಡಿದರೆ ಅಣ್ಣ ಕುರ್ಚಿಯಲ್ಲೇ ನಿದ್ದೆ ಹೋಗಿದ್ದಾನೆ, ಕೈ ಕೆಳಗೆ ಜೋತುಬಿದ್ದಿದೆ, ಸಾಹೇಬ ಅವನ ಬೆರಳು ನೆಕ್ಕುತ್ತಿದೆ. ತಿಂಡಿ ಖಾಲಿ! ನನ್ನ ಸಂಭ್ರಮ ಹೇಳತೀರದು. “ಗೆದ್ದೆ ಅಣ್ಣಾ! ಈಲಿ ಬೇಕಿತ್ತು ನೋಡು ಅದಕ್ಕೆ!” ಎಂದು ಕೂಗಿದೆ. ಅಣ್ಣ ಎಚ್ಚೆತ್ತು ಒದ್ದೆ ಬೆರಳುಗಳನ್ನು ನೋಡಿಕೊಂಡ. ತುಂಬಾ ಹೊತ್ತು ನೋಡಿಕೊಂಡ.

ಮರುದಿನ ಬೆಳಿಗ್ಗೆ ಅವನು ಕೈ ಚಾಚಿದಾಗ ಕೆಳತುಟಿಯನ್ನು ಹಲ್ಲಿನಿಂದ ಕಚ್ಚಿ ಹಿಡಿದಿದ್ದ. ಸಾಹೇಬ ಬಂದು ಮೂಸಿತು, ಕಾಯಿತು, ಅವನ ಮುಖ ನೋಡಿತು. ಆಮೇಲೆ ಮೆಲ್ಲಗೆ ಅಂಗೈಯಿಂದ ತೆಗೆದುಕೊಂಡು ಕಟಕಟನೆ ತಿಂದಿತು. ನಾನು ಚಪ್ಪಾಳೆ ತಟ್ಟಿದೆ. ಅಣ್ಣನಿಗೂ ಖುಷಿ ತಡೆಯಲಾಗಲಿಲ್ಲ. “ಬೇಡ!” ಎಂದುಬಿಟ್ಟ. ಎರಡನೆಯ ತುಂಡಿಗೆ ಕತ್ತು ಚಾಚಿದ್ದ ಸಾಹೇಬ ಹಾಗೇ ಹಿಂದೆ ಸರಿದು ಗೋಡೆಗೆ ಮುಖ ಮಾಡಿ ಕೂತಿತು.

ಆಗ ಹೊಳೆಯಿತು ನನಗೆ. ತಟ್ಟೆ ಹಿಡಿದುಕೊಂಡೇ ನೆಲದ ಮೇಲೆ ಕೂತುಬಿಟ್ಟೆ. ಏಳೂ ಬಗೆ ಚೆನ್ನಾಗಿಯೇ ಇದ್ದವು. ನನ್ನ ಅಡುಗೆ ತಪ್ಪಾಗಿದ್ದಿದ್ದರೆ ಎಷ್ಟು ಚೆನ್ನಾಗಿತ್ತು, ಎಂಟನೆಯದು ಮಾಡಬಹುದಿತ್ತು.

ಅವತ್ತಿನಿಂದ ಅಣ್ಣ ಬಾಯಿ ಬಿಡಲಿಲ್ಲ. ನೀರಿಗೆ ಲೋಟ ತಟ್ಟುವನು, ಬಚ್ಚಲಿಗೆ ಕೋಲು ಕುಟ್ಟುವನು. ಸಾಹೇಬ ಬೆಳಿಗ್ಗೆ, ಸಂಜೆ ಅವನ ಕೈಯಿಂದ ತಿಂದಿತು, ಮೈ ತುಂಬಿಕೊಳ್ಳತೊಡಗಿತು. ನಾನು ಡಬ್ಬಿಗಟ್ಟಲೆ ಒಣಗಿಸಿದೆ.

ಪ್ರತಿ ಗುರುವಾರ ಮಾತು ಕಲಿಸುವ ಮೇಡಂ ಮನೆಗೆ ಬರುತ್ತಿದ್ದರು. ಎರಡು ಗುರುವಾರ ಅಣ್ಣ ತುಟಿ ಕಚ್ಚಿಕೊಂಡೇ ಕೂತ. ಮೇಡಂ ನನ್ನನ್ನು ಅಡುಗೆಮನೆಗೆ ಕರೆದು, “ಏನಾಗಿದೆ ಇವರಿಗೆ? ಆ ಒಂದು ಪದ ಇತ್ತಲ್ಲ, ಅದನ್ನ ಹಿಡ್ಕೊಂಡೇ ಬೇರೆ ಪದ ಎಳೀಬೇಕು ನಾನು. ಮೊದಲ ಕೆಲವು ತಿಂಗಳೇ ಮುಖ್ಯ. ಆಮೇಲೆ ಕಷ್ಟ ಆಗತ್ತೆ” ಎಂದರು.

ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. “ನೀವು ಬರೋ ಹೊತ್ತಿಗೆ ನಾಯೀನ ಹಿತ್ತಲಲ್ಲಿ ಕಟ್ಟಿದ್ರೆ ಆಗಲ್ವಾ?”

“ವಾರಕ್ಕೆ ಒಂದು ಗಂಟೆ ನಾನು ಮಾತಾಡ್ಸಿದ್ರೆ ಸಾಲಲ್ಲ ಅಮ್ಮಾ. ದಿನವಿಡೀ ಬಾಯಿ ಆಡ್ತಾ ಇರ್ಬೇಕು.” ಅವರು ಒಲೆಯ ಮೇಲಿದ್ದ ಈಲಿಯ ಕಡೆ ನೋಡಿ, “ನಾಯಿಗೆ ಹೊಸದಾಗಿ ಕಲಿಸೋಕೆ ಆಗಲ್ವಾ?” ಎಂದು ಕೇಳಿದರು.

ಅದನ್ನು ಕೇಳಲು ಅಣ್ಣನ ಜೊತೆ ಕೆಲಸ ಮಾಡಿದ ಗೆಳೆಯನಿಗೆ ಫೋನ್ ಮಾಡಿದೆ. “ಇಷ್ಟು ವಯಸ್ಸಾದ್ಮೇಲೆ ಅದು ಮರೆಯಲ್ಲ. ನಿಮ್ಮಣ್ಣನ ಕೆಲಸ ಅಷ್ಟು ಗಟ್ಟಿ” ಎಂದ. ಆ ಹೊಗಳಿಕೆ ಕೇಳಿ ನನಗೆ ಅಳು ಬಂತು. ಅವನೇ ಮತ್ತೆ, “ಬೇಕಾದ್ರೆ ನಾನೇ ಇಟ್ಕೋತೀನಿ ಅಕ್ಕಾ. ಅಣ್ಣನ ಹಳೇ ಅಂಗಿ ಕೊಡಿ, ನಿಮ್ಮ ತಿಂಡಿ ಕೊಡಿ. ಹೇಗೋ ಬದುಕ್ಸೋಣ” ಎಂದ.

ಎರಡು ದಿನ ಒದ್ದಾಡಿದೆ. ಅಣ್ಣನನ್ನು ಕೇಳೋಣವೆಂದರೆ ಅವನು ಉತ್ತರ ಹೇಳುವುದಾದರೂ ಹೇಗೆ? ಕೊನೆಗೆ ನಾನೇ ಗಟ್ಟಿ ಮನಸ್ಸು ಮಾಡಿದೆ. ನಾಯಿ ಇನ್ನೊಂದೆರಡು ವರ್ಷ ಇದ್ದೀತು, ಅಣ್ಣನ ಮುಂದೆ ಇನ್ನೂ ಎಷ್ಟೋ ವರ್ಷಗಳಿವೆ, ಅಷ್ಟೂ ವರ್ಷ ಅವನು ಲೋಟ ತಟ್ಟಿಕೊಂಡು ಕೂರಬೇಕೇ? ಹೀಗೆಲ್ಲ ನನಗೆ ನಾನೇ ಹೇಳಿಕೊಂಡೆ. ಎರಡು ಹಳೆಯ ಅಂಗಿ ಮಡಚಿದೆ, ಮೂರು ಡಬ್ಬಿ ತಿಂಡಿ ತುಂಬಿದೆ. ಅಣ್ಣನ ಮುಂದೆ ಕೂತು, “ನಿನ್ನ ಮಾತು ಬರೋವರೆಗೆ ಮಾತ್ರ ಅಣ್ಣಾ” ಎಂದೆ. ಅವನು ನನ್ನನ್ನೇ ನೋಡಿದ. ತುಟಿ ಬಿಡಲಿಲ್ಲ.

ಶನಿವಾರ ಬೆಳಿಗ್ಗೆ ಗೆಳೆಯ ವ್ಯಾನ್ ತಂದ. ಅಣ್ಣನ ಕಿಟಕಿಯ ಎದುರೇ ನಿಲ್ಲಿಸಿದ. ಸಾಹೇಬ ಮೊದಲು ಹತ್ತಲಿಲ್ಲ. ವ್ಯಾನಿನೊಳಗೆ ಅಂಗಿ ಹಾಸಿ, ಅದರ ಮೇಲೆ ಏಳನೆಯ ಬಗೆಯ ನಾಲ್ಕು ತುಂಡು ಇಟ್ಟೆ. ನಾಯಿ ನನ್ನನ್ನು ನೋಡಿತು, ಅಂಗಿ ಮೂಸಿತು, ಹತ್ತಿತು. ಒಂದು ತುಂಡು ಬಾಯಿಗೆ ತೆಗೆದುಕೊಂಡಿತು. “ನೋಡಿ ಅಕ್ಕಾ, ತಿಂತು!” ಎಂದು ಗೆಳೆಯ ಬಾಗಿಲಿಗೆ ಕೈ ಹಾಕಿದ. ಇನ್ನು ಬದುಕುತ್ತದೆ ಎಂದು ನನ್ನ ಎದೆಯ ಭಾರ ಸ್ವಲ್ಪ ಇಳಿಯಿತು.

“ಬೇಡ.”

ಕಿಟಕಿಯಿಂದ ಬಂತು. ಹದಿನೈದು ದಿನಗಳಾಗಿದ್ದವು ಆ ದನಿ ಕೇಳಿ. ಅಣ್ಣ ಎಡಗೈಯಿಂದ ಸರಳು ಹಿಡಿದು ಅರ್ಧ ಎದ್ದು ನಿಂತಿದ್ದ, ಮುಖವೆಲ್ಲ ಒದ್ದೆ. ಕಾಯಿಲೆ ಬಿದ್ದಂದಿನಿಂದ ಅದೊಂದೇ ಸಲ, ಅವನು ಹೇಳಬೇಕೆಂದುಕೊಂಡದ್ದೇ ಅವನ ಬಾಯಿಂದ ಬಂದಿತ್ತು. ನನಗೆ ಅರ್ಥವಾಯಿತು, ಗೆಳೆಯನಿಗೂ ಅರ್ಥವಾಯಿತು.

ಸಾಹೇಬ ಬಾಯಲ್ಲಿದ್ದ ತುಂಡನ್ನು ಅಂಗಿಯ ಮೇಲೆ ಉಗುಳಿ, ವ್ಯಾನಿನ ಗೋಡೆಗೆ ಮುಖ ಮಾಡಿ ಕೂತಿತು.

ನಾನು ಹಗ್ಗ ಹಿಡಿದು ಅದನ್ನು ಕೆಳಗಿಳಿಸಿದೆ. ಅಂಗಿ ಕೊಡವಿ ಹೆಗಲ ಮೇಲೆ ಹಾಕಿಕೊಂಡೆ. ಗೆಳೆಯ ಡಬ್ಬಿಗಳನ್ನು ಒಳಗೆ ತಂದಿಟ್ಟು ಹೋದ. ಆ ಹಗಲು ಸಾಹೇಬ ನೀರನ್ನೂ ಮುಟ್ಟಲಿಲ್ಲ. ಸಂಜೆ ಅಣ್ಣ ಕುರ್ಚಿಯಲ್ಲಿ ಕೂತು, ತುಟಿ ಕಚ್ಚಿಕೊಂಡು, ಬರಿಗೈ ಚಾಚಿ ನನ್ನ ಕಡೆ ನೋಡಿದ. ನಾನು ಅವನ ಅಂಗೈಯಲ್ಲಿ ಒಂದು ತುಂಡು ಇಟ್ಟೆ. ಬಹಳ ಹೊತ್ತು ಮುಖ ನೋಡಿದ ಮೇಲೆ ಸಾಹೇಬ ಎದ್ದು ಬಂತು.

ಅದು ತಿಂದು ಮುಗಿಸುವವರೆಗೆ ಕಾದು, ಗುರುವಾರ ಬರುವುದು ಬೇಡವೆಂದು ಹೇಳಲು ಮೇಡಂಗೆ ಫೋನ್ ಮಾಡಿದೆ. ಅಣ್ಣನಿಗೆ, ನಾಯಿಗೆ ಕೇಳಿಸದಿರಲೆಂದು ಹಿತ್ತಲಿಗೆ ಹೋಗಿ ಮಾತಾಡಿದೆ.