ಕೆಡದೆ ನಿಂತ ಕಾರು

ಹತ್ತಿ ಹೂ ಬಿಡುವ ಕಾಲ. ನಮ್ಮ ಸೀಮೆಯಲ್ಲಿ ಆ ಎರಡು ತಿಂಗಳು ಯಾರಿಗೂ ಪುರುಸೊತ್ತಿರುವುದಿಲ್ಲ. ಬೀಜಕ್ಕೆಂದು ಬೆಳೆಯುವ ಹತ್ತಿಯ ಹೊಲಗಳಲ್ಲಿ ಹೆಂಗಸರು ಸಂಜೆಯ ಹೊತ್ತು ಹೆಣ್ಣುಸಾಲಿನ ಮೊಗ್ಗುಗಳನ್ನು ಉಗುರಿನಿಂದ ಬಿಡಿಸಿ, ಒಳಗಿನ ಕೇಸರ ಕಿತ್ತು, ಮೇಲೊಂದು ಕೆಂಪು ಕಾಗದ ತೊಡಿಸುತ್ತಾರೆ. ಮರುದಿನ ಮುಂಜಾನೆ ಗಂಡುಸಾಲಿನ ಹೂ ತಂದು ಅದಕ್ಕೆ ಮುಟ್ಟಿಸುತ್ತಾರೆ. ಹೊಲದಲ್ಲಿ ಹೀಗೆ ಕೆಲಸ ಸಾಗಿದ್ದ ಒಂದು ಮುಂಜಾನೆ, ರಾಣೇಬೆನ್ನೂರಿನ ಒಂದು ವೆಲ್ಡಿಂಗ್ ಅಂಗಡಿಯಲ್ಲಿ ನನ್ನ ತಲೆ ತೆಗೆದರು.

ಅದನ್ನೇ ನನ್ನ ಹುಟ್ಟು ಎಂದುಕೊಂಡಿದ್ದೇನೆ. ಅದಕ್ಕೆ ಮುಂಚೆ ನಾನು ಎಲ್ಲರಂತೆ ಮೇಲೆ ತಗಡು ಹೊದ್ದ ಕಾರು. ಒಬ್ಬ ಡಾಕ್ಟರರ ಮನೆಯಲ್ಲಿ ಹದಿನೆಂಟು ವರ್ಷ ದುಡಿದು, ಆಮೇಲೆ ಒಂದು ಗೋಡೆಯ ಪಕ್ಕ ಮೂರು ವರ್ಷ ನಿಂತು, ಟೈರುಗಳು ಕೂತುಹೋಗಿದ್ದವು. ನನ್ನನ್ನು ಅಲ್ಲಿಂದ ಎಬ್ಬಿಸಿ ತಂದವನು ಕುಪ್ಪೇನಹಳ್ಳದ ಫಕ್ಕೀರಗೌಡ. ನಾಲ್ಕು ಎಕರೆ ಹೊಲ, ಒಂದು ಜೋಡಿ ಎತ್ತು, ಎಂಜಿನ್ ಎಂದರೆ ಊಟ ಮರೆಯುವ ಹುಚ್ಚು. ದಾವಣಗೆರೆಯಲ್ಲಿ ಯಾರದೋ ಮದುವೆಯಲ್ಲಿ ಮದುಮಕ್ಕಳನ್ನು ಕೂರಿಸಿಕೊಂಡು ಹೋಗುತ್ತಿದ್ದ ತೆರೆದ ಕಾರೊಂದನ್ನು ನೋಡಿ ಬಂದಿದ್ದ. ಅಂಥದೊಂದು ತನ್ನೂರಲ್ಲೂ ಇರಬೇಕು ಎಂದು ಅವನ ಆಸೆ.

ವೆಲ್ಡರ್ ತಗಡು ಕತ್ತರಿಸಿ ಕೆಳಗಿಟ್ಟ. ಟಾಂಗಾಗಳಿಗೆ ಹೊದಿಕೆ ಹೊಲಿದು ಜೀವನ ಕಳೆದ ದಾದಾಪೀರ ಸಾಬರು ನನಗೆ ಮಡಚುವ ಕ್ಯಾನ್ವಾಸಿನ ಹುಡ್ ಹೊಲಿದುಕೊಟ್ಟರು. ಹಿಂದಿನ ಸೀಟನ್ನು ಒಂದು ಗೇಣು ಎತ್ತರಿಸಿ ಕೆಂಪು ರೆಕ್ಸಿನ್ ಹಾಕಿದರು. ಊರಿಗೆ ಬಂದಾಗ ಅಗಸಿಯ, ಅಂದರೆ ಊರಬಾಗಿಲಿನ, ಕಟ್ಟೆಯ ಮೇಲೆ ಕೂತವರು ನಕ್ಕರು.

"ಏನ್ಲೇ ಫಕ್ಕೀರಗೌಡ, ಕಾರಿಗೆ ಜವಳಾ ತೆಗಿಸ್ಕೊಂಡು ಬಂದಿಯೇನು?"

"ಹೌದು ಮಾವ. ಊಟಕ್ಕ ಬರ್ರಿ," ಎಂದ ಗೌಡ. ಅಂದಿನಿಂದ ನನಗೆ ಬೋಳು ಕಾರು ಎಂದೇ ಹೆಸರಾಯಿತು.

ನಾನು ನಿಜವಾಗಿ ಗಟ್ಟಿ ಜೀವ. ಗೌಡ ನನ್ನ ಎಂಜಿನ್ನಿನ ಒಂದೊಂದು ಬೋಲ್ಟನ್ನೂ ಕೈಯಿಂದ ತಡವಿ ಗುರುತು ಹಿಡಿಯುತ್ತಿದ್ದ. ಸುತ್ತಲ ಹದಿನಾರು ಹಳ್ಳಿಗಳ ಮದುಮಕ್ಕಳನ್ನು ಹೊತ್ತೆ. ನಿವೃತ್ತರಾದ ಮಾಸ್ತರರನ್ನು, ಸೈನ್ಯದಿಂದ ಊರಿಗೆ ಬಂದ ಹುಡುಗರನ್ನು, ಗೆದ್ದ ಗ್ರಾಮ ಪಂಚಾಯತಿ ಮೆಂಬರರನ್ನು ಹೊತ್ತೆ. ಮಳೆ ಬಂದರೆ ಹುಡ್ ಎಳೆಯುತ್ತಿದ್ದರು, ನಿಂತರೆ ಮಡಚುತ್ತಿದ್ದರು. ಒಂದು ದಿನವೂ ನಡುದಾರಿಯಲ್ಲಿ ನಿಲ್ಲಲಿಲ್ಲ. ಮುಂದಿನದನ್ನು ಹೇಳುವಾಗ ಈ ಮಾತು ನನಗೆ ಬೇಕಾಗುತ್ತದೆ, ಅದಕ್ಕೇ ಹೇಳಿದೆ.

ನಾನು ಬಂದು ಮೂರನೆಯ ವರ್ಷ. ಗೌಡನ ಹೊಲದಲ್ಲಿ ಹತ್ತಿ ಹೂವಿನ ಕೆಲಸಕ್ಕೆ ಬರುತ್ತಿದ್ದ ದುರಗವ್ವ ಒಂದು ಸಂಜೆ ಅಂಗಳಕ್ಕೆ ಬಂದಳು. ಊರ ಕೆಳಗಿನ ಓಣಿಯವಳು. ಅವಳ ಮಗ ಮೈಲಾರಪ್ಪ ಕರೆಂಟಿನ ಲೈನ್‌ಮನ್. ಊರಿನ ಎಲ್ಲ ಓಣಿಗಳ ಕಂಬಗಳನ್ನೂ ಹತ್ತಿದವನು. ಅವನಿಗೆ ಲಗ್ನ ಗೊತ್ತಾಗಿತ್ತು.

"ಗೌಡ್ರ, ನನ್ನ ಮಗನ ಲಗ್ನಕ್ಕ ನಿಮ್ಮ ಕಾರು ಬರಬೇಕ್ರಿ. ಇಲ್ಲ ಅನಬ್ಯಾಡ್ರಿ," ಎಂದು ಸೆರಗಿನ ಗಂಟು ಬಿಚ್ಚಿ ಐದು ವೀಳ್ಯದೆಲೆ, ಅಡಕೆ ಮುಂದೆ ಚಾಚಿದಳು. ನಮ್ಮ ಕಡೆ ವೀಳ್ಯ ತೆಗೆದುಕೊಂಡರೆ ಮಾತು ಕೊಟ್ಟಂತೆ. ಗೌಡ ಒಂದು ಗಳಿಗೆ ತಡೆದ. ಆಮೇಲೆ ಕೈ ನೀಡಿ ತೆಗೆದುಕೊಂಡ.

"ಬರ್ತೈತಿ ಬಿಡು ದುರಗವ್ವ. ಅಗಸಿಯಿಂದ ಮ್ಯಾಲಿನ ಓಣಿ ಹಾದು ನಿಮ್ಮ ಮನಿ ಮುಟ್ಟಸ್ತೀನಿ."

ಅವಳು ಹೋಗುವಾಗ ನನ್ನ ಬಾಗಿಲ ಮೇಲೆ ಎರಡು ಬೆರಳು ಇಟ್ಟು, ಆ ಬೆರಳನ್ನು ಕಣ್ಣಿಗೊತ್ತಿಕೊಂಡಳು. ನನ್ನನ್ನು ಯಾರೂ ಹಾಗೆ ಮುಟ್ಟಿರಲಿಲ್ಲ.

ಮದುವೆಗೆ ಎರಡು ದಿನ ಇರುವಾಗ ಮೇಲಿನ ಓಣಿಯ ಚನ್ನವೀರಗೌಡ ಬಂದು ನನ್ನ ಮಡ್‌ಗಾರ್ಡಿನ ಮೇಲೆ ಕೂತ. ಸಿಟ್ಟು ಮಾಡುವ ಮನುಷ್ಯನಲ್ಲ. ಎಲೆಗೆ ಸುಣ್ಣ ಸವರುತ್ತ ನಿಧಾನಕ್ಕೆ ಹೇಳಿದ.

"ಹೋಗೂದು ಹೋಗ್ಲಿ ಅಳಿಯ, ನಾವೇನು ಬ್ಯಾಡ ಅಂತೀವೇನು? ಕಾಲ ಬದಲಾಗೈತಿ. ಖರೆ, ಅವರ ಲಗ್ನದ ಮರುದಿನ ನನ್ನ ಮೊಮ್ಮಗನ ಲಗ್ನ. ಅದ ಸೀಟಿನ ಮ್ಯಾಲೆ ನಮ್ಮ ಹುಡುಗ ಕುಂದ್ರಬೇಕಲ್ಲ. ಅದೊಂದೀಟು ವಿಚಾರ ಮಾಡು. ಹದಿನಾರು ಹಳ್ಳ್ಯಾಗೂ ನಮ್ಮ ಬೀಗರ ಅದಾರ."

ಅಷ್ಟೇ. ಎದ್ದು ಹೋದ. ಫಕ್ಕೀರಗೌಡ ನನ್ನ ಕಡೆ ನೋಡದೆ ಎತ್ತಿಗೆ ನೀರು ಕುಡಿಸಲು ಹೋದ.

ನನ್ನ ಎಂಜಿನ್ನಿನಲ್ಲಿ ಕಿಡಿ ಹಂಚುವ ಒಂದು ಡಬ್ಬಿಯಿದೆ. ಅದರೊಳಗೆ ಹೆಬ್ಬೆರಳ ಗಾತ್ರದ ಒಂದು ಕರಿಯ ತುಂಡು. ಅದಕ್ಕೆ ರೋಟರ್ ಎನ್ನುತ್ತಾರೆ. ಅದಿಲ್ಲದಿದ್ದರೆ ನಾನು ಬರೀ ತಗಡು. ಮದುವೆಯ ದಿನ ಮುಂಜಾನೆ ಗೌಡ ಬಾನೆಟ್ ಎತ್ತಿ ಆ ತುಂಡನ್ನು ಕಿತ್ತು ಅಂಗಿಯ ಕಿಸೆಗೆ ಹಾಕಿಕೊಂಡ. ಆಮೇಲೆ ಅಂಗಳದಲ್ಲೇ ನಿಂತು ಕಾದ.

ಅವರು ಹೂವಿನ ಹಾರ ಹಿಡಿದು, ಹಲಗೆ ಬಾರಿಸುತ್ತ ಬಂದರು. ಮೈಲಾರಪ್ಪ ಬಿಳಿ ಪ್ಯಾಂಟು ತೊಟ್ಟು, ಹಣೆಗೆ ಬಾಸಿಂಗ ಕಟ್ಟಿದ್ದ. ಮದುಮಗಳು ಹುಲಿಗೆವ್ವನನ್ನು ನನ್ನ ಎತ್ತರದ ಸೀಟಿನಲ್ಲಿ ಕೂರಿಸಿದರು. ಗೌಡ ಚಾವಿ ತಿರುಗಿಸಿದ. ನಾನು ಕೊರ್ ಕೊರ್ ಎಂದೆ. ಇನ್ನೊಮ್ಮೆ ತಿರುಗಿಸಿದ. ಕೊರ್ ಎಂದೆ.

"ಯಾಕೋ ಹಿಡೀವಲ್ದಲ್ಲ," ಎಂದ ಗೌಡ, ಹಣೆ ಒರೆಸಿಕೊಂಡು.

"ದೂಕೂಣ್ರಿ ಗೌಡ್ರ," ಎಂದ ಮೈಲಾರಪ್ಪ. ಬಾನೆಟ್ ಎತ್ತಲು ಬಂದವನನ್ನು ಗೌಡ ತಡೆದ. "ಮದುಮಗ ನೀ ಕೈ ಮಸಿ ಮಾಡ್ಕೊಬ್ಯಾಡ."

ಮದುಮಗನೇ ನನ್ನನ್ನು ದೂಡಿದ. ಅವನ ಜೊತೆ ಹತ್ತು ಜನ. ಅಂಗಳದಿಂದ ಅಗಸಿಯ ಏರಿನ ತನಕ ದೂಡಿದರು, ಇಳಿಜಾರಿನಲ್ಲಿ ಬಿಟ್ಟರು, ಮತ್ತೆ ಏರಿಗೆ ದೂಡಿದರು. ಮೂರು ಸಲ. ಬಾಸಿಂಗದ ದಾರ ಬೆವರಿಗೆ ಹಣೆಗಂಟಿತ್ತು. ಪ್ರತಿ ಸಲವೂ ಗೌಡ ಸ್ಟೇರಿಂಗ್ ಹಿಡಿದು, "ಹಾಂ, ಇನ್ನೊಂದೀಟು, ಇನ್ನೊಂದೀಟು" ಎನ್ನುತ್ತಿದ್ದ. ಅವನ ಕಿಸೆಯಲ್ಲಿ ರೋಟರು. ನನಗೆ ಬಾಯಿಲ್ಲ. ಇದ್ದಿದ್ದರೆ ಕೂಗುತ್ತಿದ್ದೆನೋ ಇಲ್ಲವೋ, ಅದೂ ಗೊತ್ತಿಲ್ಲ. ಗೌಡನ ಕೈಯಲ್ಲಿ ಬೆಳೆದವನು ನಾನು.

ದುರಗವ್ವ ಓಡಿ ಬಂದು ನನಗೆ ದೃಷ್ಟಿ ತೆಗೆದಳು. ಉಪ್ಪು ಮೆಣಸಿನಕಾಯಿ ಸುತ್ತಿ ನಿವಾಳಿಸಿ, ನನ್ನ ಚಕ್ರದ ಮುಂದೆ ತೆಂಗಿನಕಾಯಿ ಒಡೆದಳು. "ಯಾರ ಕಣ್ಣು ಬಿತ್ತೋ ನಿನಗ," ಎಂದು ನನ್ನನ್ನೇ ಸಮಾಧಾನ ಮಾಡಿದಳು. ಆ ಕಾಯಿಯ ನೀರು ನನ್ನ ಟೈರಿನ ಮೇಲೆ ಹರಿದಾಗ ಆದ ನಾಚಿಕೆ ಇವತ್ತಿಗೂ ಆರಿಲ್ಲ.

ಮುಹೂರ್ತ ಮೀರುತ್ತಿತ್ತು. ಹುಲಿಗೆವ್ವ ಸೀಟಿನಿಂದ ಇಳಿದಳು. ಅವರೆಲ್ಲ ಹಿಂದಿನ ಓಣಿಯ ಕಾಲುದಾರಿಯಲ್ಲಿ ನಡೆದು ಹೋದರು. ಹಲಗೆ ಸದ್ದು ಮಾಡಲಿಲ್ಲ.

ಮರುದಿನ ಚನ್ನವೀರಗೌಡನ ಮೊಮ್ಮಗನಿಗೆ ನಾನು ಒಂದೇ ಚಾವಿಗೆ ಸ್ಟಾರ್ಟ್ ಆದೆ. "ರಾತ್ರಿಯೆಲ್ಲಾ ಕುಂತು ರಿಪೇರಿ ಮಾಡಿದೆ," ಎಂದ ಫಕ್ಕೀರಗೌಡ. ಯಾರೂ ಕೇಳಿರಲಿಲ್ಲ.

ಇಷ್ಟಕ್ಕೇ ಮುಗಿದಿದ್ದರೆ ಆಗುತ್ತಿತ್ತು. ಆದರೆ ಕೆಡದ ಗಾಡಿ ಕೆಟ್ಟದ್ದಕ್ಕೆ ಯಾರಾದರೂ ಕಾರಣ ಆಗಲೇಬೇಕಲ್ಲ. ಅಂಗಳದಲ್ಲಿ ನಿಂತ ನನಗೆ ಹೊಲಕ್ಕೆ ಹೋಗುವ ಹೆಂಗಸರ ಮಾತು ಕೇಳಿಸುತ್ತಿತ್ತು. ಹುಲಿಗೆವ್ವ ಕೂತದ್ದಕ್ಕೇ ಗಾಡಿ ನಿಂತಿತಂತೆ. ಅವಳು ಕಾಲಿಟ್ಟ ವರ್ಷ ಎಮ್ಮೆ ಗಬ್ಬ ನಿಲ್ಲಲಿಲ್ಲವಂತೆ. ಮೈಲಾರಪ್ಪ ಕಂಬದಿಂದ ಜಾರಿ ಕೈ ಮುರಿದುಕೊಂಡದ್ದೂ ಅವಳ ಕಾಲ್ಗುಣವಂತೆ. ಅವರ ಓಣಿಯಲ್ಲಿ ಅವಳಿಗೆ "ಗಾಡಿ ನಿಂದರಿಸಿದಾಕಿ" ಎಂದು ಹೆಸರು ಬಿತ್ತು. ಮದುವೆಗಳಲ್ಲಿ ಆರತಿ ಹಿಡಿಯಲು ಅವಳನ್ನು ಕರೆಯುತ್ತಿರಲಿಲ್ಲ. ಗೌಡ ನನ್ನನ್ನು ಹೊಲದ ಬದುವಿಗೆ ತಂದು ನಿಲ್ಲಿಸಿದ್ದ ಒಂದು ದಿನ ಅತ್ತೆ ದುರಗವ್ವನೇ ಎಲ್ಲರೆದುರು, "ನಿಂತ ಗಾಡ್ಯಾಗ ಕುಂತು ಬಂದಾಕಿ, ನಿನ್ನಿಂದ ಏನು ನೆಟ್ಟಗಾದೀತು," ಎಂದದ್ದನ್ನು ಕೇಳಿದ್ದೇನೆ. ಫಕ್ಕೀರಗೌಡನೂ ಕೇಳಿದ. ಹೊಲಕ್ಕೆ ಬುತ್ತಿ ತಂದಿದ್ದ ಅವನ ಹೆಂಡತಿ ಗಿರಿಜವ್ವನೂ ಕೇಳಿದಳು. ಇಬ್ಬರೂ ಬಗ್ಗಿ ಹತ್ತಿಯ ಎಲೆ ನೋಡುತ್ತ ನಿಂತರು. ಹುಲಿಗೆವ್ವ ಮಾತ್ರ ನನ್ನ ಹತ್ತಿರ ಹಾಯುವಾಗ ಸೆರಗನ್ನು ಒಳಗೆ ಎಳೆದುಕೊಂಡು, ನನಗೆ ತಾಗದ ಹಾಗೆ ಹೋಗುತ್ತಿದ್ದಳು.

ಹನ್ನೊಂದು ವರ್ಷ ಹೀಗೇ ಕಳೆಯಿತು. ಮೆರವಣಿಗೆಗೆ ಟ್ರ್ಯಾಕ್ಟರಿನ ಮೇಲೆ ಡಿಜೆ ಬಂತು, ನವಿಲಿನ ಆಕಾರದ ಲೈಟಿನ ಗಾಡಿ ಬಂತು. ನನ್ನನ್ನು ಕರೆಯುವವರು ಕಡಿಮೆಯಾದರು. ದಾದಾಪೀರ ಸಾಬರ ಹುಡ್ಡಿನಲ್ಲಿ ಇಲಿಗಳು ಮರಿ ಹಾಕಿದವು. ಗೌಡ ನನ್ನನ್ನು ಮಾರಲು ಹರಿಹರದ ದಲ್ಲಾಳಿ ಇಮಾಮ್‌ಸಾಬನಿಗೆ ಹೇಳಿದ. ಗುಜರಿಯವನೊಬ್ಬ ಬಂದು ನನ್ನನ್ನು ಕಣ್ಣಲ್ಲೇ ತೂಗಿ ಹೋದ. ಆಮೇಲೆ ಒಂದು ಭಾನುವಾರ ಇಮಾಮ್‌ಸಾಬ ಗಿರಾಕಿಯನ್ನು ಕರೆತಂದ. ಮೈಲಾರಪ್ಪ. ಜೊತೆಗೆ ದುರಗವ್ವ. ಹುಲಿಗೆವ್ವ ದೂರದಲ್ಲಿ, ಬಣವೆಯ ನೆರಳಲ್ಲಿ ನಿಂತಿದ್ದಳು.

"ನಮ್ಮ ಓಣಿ ಹುಡುಗರ ಲಗ್ನಕ್ಕ ಬೇಕ್ರಿ," ಎಂದ ಮೈಲಾರಪ್ಪ.

ಇಮಾಮ್‌ಸಾಬನಿಗೆ ಹಳೆಯದು ಏನೂ ಗೊತ್ತಿರಲಿಲ್ಲ. ಗೌಡ ಎಲ್ಲ ಗಿರಾಕಿಗಳ ಮುಂದೆ ಹೇಳುತ್ತಿದ್ದುದನ್ನೇ ಹುಮ್ಮಸ್ಸಿನಿಂದ ಹೇಳಿದ. "ನೋಡ್ರಿ ಲೈನ್‌ಮನ್ ಸಾಹೇಬ್ರ, ಹದಿನಾಲ್ಕು ವರ್ಷ ಆತು. ಒಂದ ಒಂದು ಮದುವಿ ತಪ್ಪಿಸಿಲ್ಲ ಈ ಗಾಡಿ. ಒಂದ ದಿನಾ ಕೆಟ್ಟು ನಿಂತಿಲ್ಲ. ಬೇಕಾರ ಗೌಡ್ರ ಬಾಯಿಂದ ಕೇಳ್ರಿ!"

ಗೌಡ ಚಪ್ಪಲಿಯ ತುದಿಯಿಂದ ನೆಲ ಕೆರೆದ. ಮೈಲಾರಪ್ಪ ಅವನನ್ನೇ ನೋಡಿದ.

"ಹೌದೇನ್ರಿ ಗೌಡ್ರ?"

"ಒಂದ ಸಲ… ನಿನಗ ಗೊತ್ತೈತಲ್ಲ."

"ಅವತ್ತ ಏನು ಕೆಟ್ಟಿತ್ರಿ? ತಗೊಳ್ಳೋ ಮುಂದ ಗೊತ್ತಿರಬೇಕಲ್ರಿ."

"ಪೆಟ್ರೋಲ್‌ದಾಗ ಕಸಾ ಬಂದಿತ್ತಪಾ," ಎಂದ ಗೌಡ. ಆಮೇಲೆ ತಡವರಿಸಿ, "ಎಪ್ಪತ್ತು ಸಾವಿರ ಹೇಳಿದ್ದೆ. ನಿನಗಾದ್ರ ಅರವತ್ತಕ್ಕ ಬಿಡ್ತೀನಿ," ಎಂದ.

ಇಮಾಮ್‌ಸಾಬ ಹಣೆ ಬಡಿದುಕೊಂಡ. "ಯಾ ಅಲ್ಲಾ! ನೆತ್ತಿಗೆ ಬಿಸಿಲು ಹತ್ತೈತೇನ್ರಿ ಗೌಡ್ರ? ಅವ್ರು ಕೇಳೇ ಇಲ್ಲ, ನೀವ್ಯಾಕ ಇಳಸ್ತೀರಿ?"

ಕೇಳದೆ ಇಳಿಸಿದ ಆ ಹತ್ತು ಸಾವಿರ ಮೈಲಾರಪ್ಪನಿಗೆ ಎಲ್ಲವನ್ನೂ ಹೇಳಿತ್ತು. ಕಿಸೆಯಿಂದ ನೋಟಿನ ಕಟ್ಟು ತೆಗೆದು ನನ್ನ ಬಾನೆಟ್ ಮೇಲಿಟ್ಟ.

"ಪೂರ್ತಿ ಎಪ್ಪತ್ತೈತಿ. ಹತ್ತು ಸಾವಿರ ಬಿಡಬ್ಯಾಡ್ರಿ ಗೌಡ್ರ, ಅದು ನನಗ ಬ್ಯಾಡ. ಅಲ್ಲಿ ನಿಂತಾಳ ನೋಡ್ರಿ ನಮ್ಮಾಕಿ. ಆಕಿ ಮುಂದ ಒಂದ ಮಾತು ಹೇಳ್ರಿ. ಗಾಡಿ ಕೆಟ್ಟಿರಲಿಲ್ಲ ಅಂತ."

"ಹಳೇದೆಲ್ಲಾ ಈಗ ಯಾಕಪಾ," ಎಂದು ಗೌಡ ಟವೆಲಿನಿಂದ ನನ್ನ ಕನ್ನಡಿ ಒರೆಸತೊಡಗಿದ. ಅದು ಸ್ವಚ್ಛವಾಗಿಯೇ ಇತ್ತು.

ದುರಗವ್ವ ಮಗನ ಮೇಲೆ ಹರಿಹಾಯ್ದಳು. "ಏ ಮೈಲಾರಿ, ಹುಚ್ಚು ಹಿಡಿದೈತೇನು ನಿನಗ? ನನ್ನ ಕೈಯಾಗಿನ ವೀಳ್ಯೆ ತಗೊಂಡೋರು ಗೌಡ್ರು. ಹಂಗ ಮಾಡೋ ಪೈಕಿ ಅಲ್ಲ ಅವರು. ಹೆಂಡತಿ ಮ್ಯಾಲಿನ ಮಾತು ತಪ್ಪಸಾಕ ಮಂದಿ ಮ್ಯಾಲೆ ಹಾಕ್ತಿಯೇನು?"

ಗೌಡ ಕನ್ನಡಿ ಒರೆಸುತ್ತಲೇ ಇದ್ದ. ಅವನ ಮುಖ ನನ್ನೊಳಗೇ ಕಾಣುತ್ತಿತ್ತು. ನಾನು ಅದನ್ನು ನೋಡಬಾರದಿತ್ತು.

ಅವತ್ತೇ ಕೆಳಗಿನ ಓಣಿಗೆ ಬಂದೆ. ಮನೆಯ ಮುಂದೆ ನಿಲ್ಲಿಸಿದರು. ಅಕ್ಕಪಕ್ಕದವರು ಬಂದು ಹಾರ್ನ್ ಒತ್ತಿ ನೋಡಿದರು. ಹುಲಿಗೆವ್ವ ಮಾತ್ರ ನನ್ನನ್ನು ಸುತ್ತು ಹಾಕಿ ನೀರಿಗೆ ಹೋದಳು.

ಮರುದಿನ ಮುಂಜಾನೆ, ಗಂಡಸರೆಲ್ಲ ಕೆಲಸಕ್ಕೆ ಹೋದ ಮೇಲೆ, ಗಿರಿಜವ್ವ ಬಂದಳು. ಮೇಲಿನ ಓಣಿಯ ಗೌಡಸಾನಿ ಆ ಓಣಿಗೆ ಕಾಲಿಟ್ಟದ್ದು ಅದೇ ಮೊದಲು. ದುರಗವ್ವ ಗಾಬರಿಯಿಂದ ಎದ್ದು ನಿಂತಳು. ಗಿರಿಜವ್ವ ನನ್ನ ಬಾಗಿಲು ಹಿಡಿದುಕೊಂಡು, ನೆಲ ನೋಡುತ್ತ ಹೇಳಿದಳು.

"ದುರಗವ್ವ, ಗಾಡಿ ಕೆಟ್ಟಿರಲಿಲ್ಲ. ನಮ್ಮನಿಯವ್ರು ಅದರ ಒಂದು ಸಾಮಾನು ತಗದು ಕಿಸೇದಾಗ ಇಟ್ಕೊಂಡಿದ್ರು. ಅವತ್ತ ಸಂಜಿಗೆ ಅಂಗಿ ಒಗಿಯಾಕ ತಗೊಂಡಾಗ ನನ್ನ ಕೈಗೆ ಸಿಕ್ತು. ಗೂಡಿನ್ಯಾಗ ಇಟ್ಟೆ. ಮುಂಜಾನೆ ಅವರು ತಗೊಂಡ್ರು. ಅವರೂ ಮಾತಾಡಲಿಲ್ಲ, ನಾನೂ ಕೇಳಲಿಲ್ಲ. ನಿನ್ನ ಸೊಸಿಂದು ಏನೂ ತಪ್ಪಿರಲಿಲ್ಲ."

ದುರಗವ್ವ ಕಟ್ಟೆಯ ಮೇಲೆ ಕುಸಿದು ಕೂತಳು. ಹುಲಿಗೆವ್ವ ಬಾಗಿಲಲ್ಲಿ ನಿಂತು ಎಲ್ಲ ಕೇಳಿದಳು. ಅಳಲಿಲ್ಲ. ಒಳಗೆ ಹೋಗಿ ಸ್ವಲ್ಪ ಹೊತ್ತಿನ ಮೇಲೆ ಕಪ್ಪಿನಲ್ಲಿ ಚಾ ಹಾಕಿ, ಕೆಳಗೊಂದು ಬಸಿ ತಟ್ಟೆ ಇಟ್ಟು ತಂದಳು.

"ತಗೋರಿ ಗೌಡಸಾನಿಯವರ."

"ನಂದು ಇವತ್ತ ಒಪ್ಪತ್ತವ್ವಾ. ಸೋಮಾರ."

"ಒಪ್ಪತ್ತಿಗೆ ಚಾ ನಡೀತೈತಲ್ರಿ."

ಗಿರಿಜವ್ವ ಕಪ್ಪು ಬಸಿ ತೆಗೆದುಕೊಂಡಳು. ಕುಡಿಯುತ್ತಾಳೆ ಎಂದುಕೊಂಡೆ. ಅವಳೂ ಹಾಗೇ ಅಂದುಕೊಂಡು ಬಂದಿದ್ದಳೋ ಏನೋ. ತುಟಿಯ ತನಕ ಒಯ್ದವಳು ಓಣಿಯ ಆ ಕಡೆ ಒಮ್ಮೆ ನೋಡಿ, ಮೆಲ್ಲಗೆ ಅದನ್ನು ನನ್ನ ಬಾನೆಟ್ ಮೇಲಿಟ್ಟಳು. "ಹೊಲದಾಗ ಆಳು ಕಾಯಾಕತ್ತಾರ," ಎಂದು ಸೆರಗು ಹೊದ್ದು ಹೊರಟಳು. ನಿಜ ಹೇಳಲು ಅಷ್ಟು ದೂರ ನಡೆದು ಬಂದವಳು.

ಚಾ ಆರಿತು. ಮೇಲೆ ಕೆನೆ ಕಟ್ಟಿತು. ಹುಲಿಗೆವ್ವ ಅದನ್ನೇ ನೋಡುತ್ತ ನಿಂತಿದ್ದವಳು ನನ್ನ ಹತ್ತಿರ ಬಂದಳು. ಒಂದು ಕೈಯನ್ನು ನನ್ನ ಬಿಸಿಲಿಗೆ ಕಾದ ತಗಡಿನ ಮೇಲೆ ಊರಿ, ಇನ್ನೊಂದು ಕೈಯಿಂದ ಕಪ್ಪು ಬಸಿ ಎತ್ತಿಕೊಂಡಳು. ಬಾಗಿಲು ತೆಗೆದು ಹಿಂದಿನ ಸೀಟಿನಲ್ಲಿ ಕೂತಳು. ಕೂತು, ಬಸಿಗೆ ಬಗ್ಗಿಸಿಕೊಂಡು ಕುಡಿಯತೊಡಗಿದಳು.

ದುರಗವ್ವ ಕಟ್ಟೆಯಿಂದ ಸೊಸೆಯ ಕಡೆ ನೋಡದೆ ಕೇಳಿದಳು: "ಆರಿರಬೇಕು. ಬಿಸಿ ಮಾಡಿ ಕೊಡ್ಲೇನು?"

"ಬ್ಯಾಡ ಬಿಡ್ರಿ ಅತ್ತಿ. ಹಿಂಗ ಕುಡೀತೀನಿ."

ಈಗ ನನಗೆ ವಯಸ್ಸಾಗಿದೆ. ಈ ಓಣಿಯ ಮದುಮಕ್ಕಳನ್ನು ಅಗಸಿಯಿಂದ ಮೇಲಿನ ಓಣಿ ಹಾದು ತರುತ್ತೇನೆ. ಆ ಓಣಿಗೆ ಬಂದಾಗ ಕೆಲವು ಬಾಗಿಲುಗಳು ಮುಚ್ಚುತ್ತವೆ, ಕೆಲವು ತೆರೆದಿರುತ್ತವೆ. ಫಕ್ಕೀರಗೌಡ ಅಂಗಳದಲ್ಲಿದ್ದರೆ ಹಗ್ಗ ಹೊಸೆಯುತ್ತ ತಲೆ ಬಗ್ಗಿಸುತ್ತಾನೆ. ನನ್ನ ಎಂಜಿನ್ನಿನ ಸದ್ದು ಅವನಿಗೆ ಗೊತ್ತಾಗದೆ ಇರುತ್ತದೆಯೇ? ಅವನು ಹೇಳಬೇಕಾದ ಮಾತನ್ನು ಇನ್ನೂ ಹೇಳಿಲ್ಲ. ನಾನು ಅವನ ಮನೆಯ ಮುಂದೆ ಸ್ವಲ್ಪ ನಿಧಾನವಾಗುತ್ತೇನೆ. ಮೈಲಾರಪ್ಪ ಗೇರ್ ಬದಲಿಸುತ್ತಾನೆ, ಮುಂದೆ ಹೋಗುತ್ತೇವೆ.